ಗಿಟ್ಟುತ್ತೇನ್ರೀ ಸೂರ್ಯ?

ನಮ್ಮ ಪಕ್ಕದ ಮನೆಯ ರಾಯರು ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಲೆಕ್ಕಪತ್ರ ನೋಡಿ ನಿವೃತ್ತರಾದವರು. ಸಂತೆಯಲ್ಲಿ ಕೊತ್ತಂಬರಿ ಕಟ್ಟಿನ ಕಡ್ಡಿ ಎಣಿಸುತ್ತಾರೆ ಎಂದು ಬಡಾವಣೆಯಲ್ಲಿ ಮಾತಿದೆ. ಕಣ್ಣಾರೆ ನೋಡಿಲ್ಲ, ಆದರೆ ನಂಬುತ್ತೇನೆ. ಮೊನ್ನೆ ನಮ್ಮ ತಾರಸಿಯ ಮೇಲೆ ಇಬ್ಬರು ಹುಡುಗರು ಟೇಪು ಹಿಡಿದು ಅಳತೆ ತೆಗೆಯುವುದನ್ನು ಕಂಡವರೇ ತಮ್ಮ ತಾರಸಿಯ ಅಂಚಿಗೆ ಬಂದು ನಿಂತರು.

“ಏನ್ರೀ, ಸೋಲಾರ್ ಹಾಕಿಸ್ತಿದೀರಂತೆ? ಗಿಟ್ಟುತ್ತೇನ್ರೀ ಅದು?”

ಈ ಪ್ರಶ್ನೆಯನ್ನು ರಾಯರು ತಮ್ಮ ಕಾರಿಗೆ ಕೇಳಿದವರಲ್ಲ. ಅದು ವಾರಕ್ಕೊಮ್ಮೆ, ಶನಿವಾರ, ಒಂದೂವರೆ ಕಿಲೋಮೀಟರು ದೂರದ ಆಂಜನೇಯನ ಗುಡಿಗೆ ಹೋಗಿ ಬರುತ್ತದೆ. ಮೆಟ್ಟಿಲ ಕೆಳಗೆ ಕೂತ ಯುಪಿಎಸ್ ಪೆಟ್ಟಿಗೆಗೂ ಕೇಳಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಬ್ಯಾಟರಿ ನುಂಗುವ ಆ ಪೆಟ್ಟಿಗೆ ಒಂದು ಪೈಸೆ ದುಡಿದದ್ದಿಲ್ಲ. ಅವರ ಮಗ ಇರುವ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋದರೆ ಡೀಸೆಲ್ ಜನರೇಟರು ಗುಡುಗುತ್ತದೆ. ಒಂದು ಲೀಟರಿಗೆ ಮೂರು, ಮೂರೂವರೆ ಯೂನಿಟ್. ಲೀಟರಿಗೆ ತೊಂಬತ್ತರ ಆಸುಪಾಸಿನ ಡೀಸೆಲ್ಲು ಸುರಿದು ಇಪ್ಪತ್ತೈದಕ್ಕೂ ಮೇಲೆ ಬೀಳುವ ಆ ಯೂನಿಟ್ಟು ಗಿಟ್ಟುತ್ತದೆಯೇ ಎಂದು ಅಲ್ಲಿನ ಮಹಾಸಭೆಯಲ್ಲಿ ಯಾರೂ ಎದ್ದು ನಿಂತಿಲ್ಲ. ಪರೀಕ್ಷೆ ಬರೆಯಬೇಕಾದವನು ಸೂರ್ಯ ಒಬ್ಬನೇ.

ಹಾಗೆಂದು ಅವನು ಫೇಲಾಗುತ್ತಲೇ ಬಂದಿದ್ದಾನೆಯೇ ಎಂದರೆ, ಅದೂ ಇಲ್ಲ. 2010ರಲ್ಲಿ ಕೇಂದ್ರದ ವಿದ್ಯುತ್ ನಿಯಂತ್ರಣ ಆಯೋಗ ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 17 ರೂಪಾಯಿ 91 ಪೈಸೆ ದರ ಗೊತ್ತುಮಾಡಿತ್ತು. ಆಗ ರಾಯರ ಪ್ರಶ್ನೆ ನ್ಯಾಯವಾದದ್ದೇ. 2013ರಲ್ಲಿ ನಮ್ಮ ರಾಜ್ಯದ ಆಯೋಗ ತಾರಸಿ ಸೋಲಾರಿಗೆ 9 ರೂಪಾಯಿ 56 ಪೈಸೆ ಎಂದಿತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಹರಾಜು ಕೂಗಿದಾಗ 2 ರೂಪಾಯಿ 44 ಪೈಸೆಗೆ ಬಂದು ನಿಂತಿತು. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1 ರೂಪಾಯಿ 99 ಪೈಸೆ. ಆ ಪಾತಾಳದಲ್ಲೇ ಉಳಿಯದೆ ಮತ್ತೆ ಎರಡೂವರೆಯ ಸುತ್ತಮುತ್ತ ಹತ್ತಿತು, ಅದು ಬೇರೆ ಮಾತು. ಹತ್ತು ವರ್ಷದಲ್ಲಿ ಹದಿನೆಂಟರಿಂದ ಎರಡಕ್ಕೆ ಇಳಿದದ್ದು ಈ ದೇಶದಲ್ಲಿ ಇನ್ನೇನಿದೆ? ಮೊಬೈಲ್ ಡೇಟಾ ಒಂದು. ರಾಜಕಾರಣಿಯ ಮಾತಿನ ಬೆಲೆ ಇನ್ನೊಂದು.

ಇದನ್ನೆಲ್ಲ ಹೇಳಿದೆ. ರಾಯರು ಕನ್ನಡಕ ಮೇಲೇರಿಸಿದರು.

“ಇಷ್ಟು ಇಳಿದಿದೆ ಅಂದ್ರೆ ಇನ್ನೂ ಇಳಿಯುತ್ತೆ ಕಣ್ರೀ. ಕಾಯೋದು ವಾಸಿ.”

ದುಬಾರಿಯಾಗಿದ್ದಾಗ ದುಬಾರಿ ಎಂದು ಬೇಡ. ಅಗ್ಗವಾದಾಗ ಇನ್ನೂ ಅಗ್ಗವಾಗಲಿ ಎಂದು ಬೇಡ. ಲೆಕ್ಕ ಕಲಿತವರಿಗೆ ಮಾತ್ರ ಸಾಧ್ಯವಾಗುವ ವೈರಾಗ್ಯ ಇದು.

ನನಗನ್ನಿಸುವುದು, ನಮ್ಮ ವಿದ್ಯುತ್ ಸಂಸಾರದಲ್ಲಿ ಕಲ್ಲಿದ್ದಲು ಮನೆ ಅಳಿಯ, ಸೂರ್ಯ ಹೊಸದಾಗಿ ಬಂದ ಸೊಸೆ. ಸೊಸೆ ಬೆಳಗಾಗುತ್ತಲೇ ಎದ್ದು ಸಂಜೆಯವರೆಗೆ ದುಡಿಯುತ್ತಾಳೆ. ಎಣ್ಣೆ ಕೇಳುವುದಿಲ್ಲ, ಸೌದೆ ಕೇಳುವುದಿಲ್ಲ. ಸಂಜೆ ಆರಕ್ಕೆ ಅತ್ತೆಯ ಪ್ರಶ್ನೆ: “ಎಲ್ಲಾ ಸರಿ, ರಾತ್ರಿ ಯಾಕೆ ಕೆಲಸ ಮಾಡಲ್ಲ ಇವಳು?” ಅಳಿಯನ ಮರ್ಯಾದೆಯೇ ಬೇರೆ. ಉಷ್ಣ ವಿದ್ಯುತ್ ಘಟಕಗಳ ಜೊತೆಗಿನ ಒಪ್ಪಂದದಲ್ಲಿ ಎರಡು ಬಾಬತ್ತು ಇರುತ್ತವೆ: ಸುಟ್ಟ ಕಲ್ಲಿದ್ದಲಿಗೆ ಒಂದು, ಘಟಕ ಅಲ್ಲಿ ನಿಂತಿರುವುದಕ್ಕೆ ಇನ್ನೊಂದು. ನಾವು ವಿದ್ಯುತ್ ಕೊಳ್ಳಲಿ ಬಿಡಲಿ, ‘ನಾನು ಸಿದ್ಧ’ ಎಂದು ಅಳಿಯ ದಿವಾನದ ಮೇಲಿಂದ ಕೈಯೆತ್ತಿದರೆ ಸಾಕು, ಸ್ಥಿರ ಶುಲ್ಕ ತಟ್ಟೆಗೆ ಬರುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದ ಹಿರಿಯರು ವಿದ್ಯುತ್ ಖರೀದಿ ಒಪ್ಪಂದ ಓದಿಯೇ ಹೇಳಿದಂತಿದೆ.

ಈ ಅಳಿಯ ನೆಲೆಸಿರುವ ಊರು ನೋಡಿ. ಕರ್ನಾಟಕದ ಮೊದಲ ಕಲ್ಲಿದ್ದಲು ಸ್ಥಾವರ ಶುರುವಾದದ್ದು 1985ರಲ್ಲಿ, ರಾಯಚೂರಿನ ಶಕ್ತಿನಗರದಲ್ಲಿ. ಇವತ್ತಿಗೆ 1,720 ಮೆಗಾವಾಟ್. ಪಕ್ಕದ ಯರಮರಸ್‌ನಲ್ಲಿ ಇನ್ನೂ 1,600. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿನ ಗಣಿ ಒಂದೂ ಇಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದಿಂದ, ಒಡಿಶಾದಿಂದ ರೈಲಿನ ಮೇಲೆ ರೈಲು ಬರಬೇಕು. ಬಂದು ಸೇರುವುದೆಲ್ಲಿಗೆ? ಏಪ್ರಿಲ್ ಬಂತೆಂದರೆ ನಲವತ್ತು ಡಿಗ್ರಿ ದಾಟಿ, ನಾಯಿಯೂ ಬೀದಿಗಿಳಿಯದ ರಾಯಚೂರಿಗೆ. ತಲೆಯ ಮೇಲೆ ಅಷ್ಟು ಬಿಸಿಲನ್ನು ಪುಕ್ಕಟೆ ಇಟ್ಟುಕೊಂಡು ಬಿಸಿಯನ್ನು ರೈಲಿನಲ್ಲಿ ತರಿಸಿಕೊಳ್ಳುವ ಊರು ಭೂಮಿಯ ಮೇಲೆ ಎಷ್ಟಿವೆಯೋ ತಿಳಿಯದು. ಒಂದು ಮಾತು ಒಪ್ಪಬೇಕು: ರೈಲ್ವೆಯ ಸರಕು ಆದಾಯದಲ್ಲಿ ದೊಡ್ಡ ಪಾಲು ಈ ಕಲ್ಲಿದ್ದಲಿನದೇ. ನಮ್ಮ ಸ್ಲೀಪರ್ ಟಿಕೆಟ್ಟು ಕೈಗೆಟುಕುವಂತಿರುವುದರಲ್ಲಿ ಅಳಿಯನ ಉಪಕಾರವೂ ಇದೆ.

ಆದರೂ ಕಲ್ಲಿದ್ದಲು ಅಗ್ಗ ಎನ್ನುತ್ತೇವೆ. ಅಗ್ಗವೇ. ಅದರ ಖರ್ಚನ್ನು ಬೇರೆಯವರ ಪುಸ್ತಕದಲ್ಲಿ ಬರೆದರೆ ಬೆಂಕಿಯೂ ಅಗ್ಗ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲು ಬೂದಿ. ನೂರು ಯೂನಿಟ್ ಕಲ್ಲಿದ್ದಲಿನ ಕರೆಂಟು ಉರಿಸಿದ ಮನೆ 70 ಕಿಲೋ ಸುಟ್ಟು 20 ಕಿಲೋಗೂ ಮೀರಿ ಬೂದಿ ಮಾಡುತ್ತದೆ. ಮೀಟರ್ ಓದಲು ಬರುವ ಹುಡುಗ ಬಿಲ್ಲಿನ ಜೊತೆಗೆ ಆ ತಿಂಗಳ ಬೂದಿಯನ್ನೂ ಚೀಲದಲ್ಲಿ ಕಟ್ಟಿ ಬಾಗಿಲಿಗೆ ತಂದಿಟ್ಟು ಹೋದರೆ ಹೇಗಿರುತ್ತದೆ? ಮೊದಲ ತಿಂಗಳು ಪಾತ್ರೆ ತಿಕ್ಕಲು ಆದೀತು. ಎರಡನೇ ತಿಂಗಳು ಗುಲಾಬಿ ಗಿಡದ ಬುಡಕ್ಕೆ. ಮೂರನೇ ತಿಂಗಳು ರಾಯರು ಜಿಲ್ಲಾಧಿಕಾರಿಗೆ ಅರ್ಜಿ ಬರೆಯುತ್ತಾರೆ. ಈಗ ಬರೆಯುವುದಿಲ್ಲ, ಆ ಚೀಲ ಶಕ್ತಿನಗರದ ಸುತ್ತಲಿನವರ ಅಂಗಳದಲ್ಲಿ ಇದೆ.

ಹೊಗೆಯದೂ ಇದೇ ಕಥೆ. ಚಿಮಣಿಯಿಂದ ಹೋಗುವ ಗಂಧಕವನ್ನು ಹಿಡಿಯುವ ಯಂತ್ರ ಕೂರಿಸಬೇಕೆಂದು ಕೇಂದ್ರ 2015ರಲ್ಲಿ ನಿಯಮ ಮಾಡಿತು. ಗಡುವು ಎರಡು ವರ್ಷ. ಗಡುವು ಮುಂದಕ್ಕೆ ಹೋಯಿತು, ಮತ್ತೆ ಹೋಯಿತು, ಮತ್ತೂ ಹೋಯಿತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಯಂತ್ರವೇ ಬೇಡ ಎಂದಾಯಿತು. ಹತ್ತು ವರ್ಷ ಹೋಂವರ್ಕ್ ಮಾಡದ ಹುಡುಗನಿಗೆ ಮೇಷ್ಟ್ರು ಕೊನೆಗೆ ಹೋಂವರ್ಕನ್ನೇ ರದ್ದು ಮಾಡಿದ ಹಾಗೆ.

ಅಳಿಯನಿಗೆ ದಂಡ ಹಾಕಿಲ್ಲವೆಂದಲ್ಲ. 2010ರಲ್ಲಿ ಟನ್ನು ಕಲ್ಲಿದ್ದಲಿಗೆ 50 ರೂಪಾಯಿ ಶುದ್ಧ ಇಂಧನ ಸೆಸ್ ಶುರುವಾಯಿತು, 2016ರ ಹೊತ್ತಿಗೆ 400 ಆಯಿತು. ಸೌರ, ಪವನ ಶಕ್ತಿಗೆ ಈ ಹಣ ಎಂದು ಹೇಳಿದ್ದರು. 2017ರಲ್ಲಿ ಜಿಎಸ್‌ಟಿ ಬಂದಾಗ ಅದೇ 400 ರೂಪಾಯಿ ರಾಜ್ಯಗಳ ನಷ್ಟ ತುಂಬುವ ಹುಂಡಿಗೆ ತಿರುಗಿತು. ತಿಮ್ಮಪ್ಪನ ಹೆಸರಿನಲ್ಲಿ ಮುಡಿಪು ಎತ್ತಿ ಮನೆಯ ಹಳೇ ಸಾಲ ತೀರಿಸುವುದು ನಮಗೆ ಹೊಸದೇನಲ್ಲ. ಇತ್ತ ಸೊಸೆ ತವರಿನಿಂದ ತಂದ ಟ್ರಂಕಿನ ಮೇಲೆ 2022ರ ಏಪ್ರಿಲ್‌ನಲ್ಲಿ ಸುಂಕ ಬಿತ್ತು. ಹೊರದೇಶದ ಸೌರ ಫಲಕಕ್ಕೆ ಶೇಕಡ 40. ಸ್ವದೇಶಿ ಕಾರ್ಖಾನೆ ಬೆಳೆಯಲೆಂದು ಹಾಕಿದ್ದು, ಉದ್ದೇಶ ತಪ್ಪಲ್ಲ. ಒಂದು ಕೈಯಲ್ಲಿ ಸಹಾಯಧನ, ಇನ್ನೊಂದರಲ್ಲಿ ಸುಂಕ. ಎರಡೂ ಕೈ ಸೇರಿಸಿ ನಮಸ್ಕಾರ.

ರೈತನ ಸಂಗತಿಗೆ ಬರೋಣ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಕರೆಂಟು ಉಚಿತ. ಉಚಿತ ಸರಿ, ಯಾವಾಗ? ಉಷ್ಣ ಘಟಕವನ್ನು ಲಾಟೀನಿನ ಹಾಗೆ ಮಲಗುವಾಗ ಆರಿಸಿ ಬೆಳಿಗ್ಗೆ ಹೊತ್ತಿಸಲು ಬರುವುದಿಲ್ಲ. ಊರೆಲ್ಲ ಮಲಗಿದ ಮೇಲೆ ಮಿಕ್ಕ ಕರೆಂಟನ್ನು ಯಾರ ತಲೆಗಾದರೂ ಕಟ್ಟಬೇಕು. ಅಳಿಯನಿಗೆ ನಿದ್ದೆ ಬರುವುದಿಲ್ಲವೆಂದು ರೈತ ಎದ್ದು ಕೂರುವ ಪದ್ಧತಿ ಹೀಗೆ ಬೆಳೆಯಿತು. 2023ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದಲ್ಲಿ ರಾತ್ರಿ ನೀರು ಹಾಯಿಸಲು ಹೋದವರಿಗೆ ಹೊಲದಲ್ಲಿ ಮೊಸಳೆ ಸಿಕ್ಕಿತು. ಅವರು ಅದನ್ನು ಹಗ್ಗ ಕಟ್ಟಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನೇರ ವಿದ್ಯುತ್ ಉಪಕೇಂದ್ರದ ಮುಂದೆ ತಂದು ಇಳಿಸಿದರು. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ‘ಬಾಹ್ಯ ವೆಚ್ಚ’ ಎಂಬ ಪಾಠವಿದೆ. ಓದಿದರೆ ಎಂಥವನಿಗೂ ತೂಕಡಿಕೆ. ರೋಣಿಹಾಳದವರು ಬಾಹ್ಯ ವೆಚ್ಚವನ್ನು ಹಲ್ಲು, ಬಾಲ ಸಮೇತ ತಂದು ತೋರಿಸಿದರು. ಮೊಸಳೆಯನ್ನು ಅರಣ್ಯ ಇಲಾಖೆ ಒಯ್ದು ನದಿಗೆ ಬಿಟ್ಟಿತು. ಆ ಖರ್ಚು ಯಾವ ಯೂನಿಟ್ಟಿನ ದರದಲ್ಲಿ ಸೇರಿತೋ!

ನೀರು ಬೇಕಾದ ಹೊಲ ಹಗಲಲ್ಲಿದೆ, ಬಿಸಿಲೂ ಹಗಲಲ್ಲೇ ಇದೆ. ಇವೆರಡನ್ನೂ ಜೋಡಿಸಬಹುದೆಂದು ಹೊಳೆಯಲು ಇಷ್ಟು ದಿನ ಬೇಕಾಯಿತು. ಈಗ ಕುಸುಮ್ ಯೋಜನೆಯಲ್ಲಿ ಉಪಕೇಂದ್ರದ ಮಗ್ಗುಲಲ್ಲೇ ಫಲಕ ಹೂಡಿ ಪಂಪ್‌ಸೆಟ್ಟುಗಳ ಲೈನಿಗೆ ಹಗಲಲ್ಲಿ ಕರೆಂಟು ಕೊಡತೊಡಗಿದ್ದಾರೆ. ಮೊಸಳೆಗೊಂದು ಸನ್ಮಾನ ಬಾಕಿ ಇದೆ.

ಸೂರ್ಯನ ಪುಸ್ತಕದಲ್ಲೂ ಖಾಲಿ ಬಿಟ್ಟ ಕಾಲಂ ಇಲ್ಲದಿಲ್ಲ. ಪಾವಗಡಕ್ಕೆ ಹೋಗಿ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್. ಬರಗಾಲಕ್ಕೆ ಇನ್ನೊಂದು ಹೆಸರಾಗಿದ್ದ ತಾಲ್ಲೂಕು ಅದು. ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಕಡ್ಲೆಕಾಯಿ ಬಿತ್ತಿ ಆಕಾಶ ನೋಡುತ್ತಿದ್ದವನು ಈಗಲೂ ಆಕಾಶ ನೋಡುತ್ತಾನೆ, ಮೋಡ ಬಾರದಿರಲಿ ಎಂದು. ನೆಲ ಇದ್ದವನಿಗೆ ಬಾಡಿಗೆ ಬಂತು. ಆ ನೆಲದಲ್ಲಿ ಕಡ್ಲೆಕಾಯಿ ಕೀಳುವ ಕೂಲಿಗೆ ಹೋಗುತ್ತಿದ್ದ ಹೆಂಗಸಿಗೂ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಬೇಲಿ ಬಂತು. ಅಷ್ಟೊಂದು ಫಲಕಗಳ ನೆರಳಿದೆ, ಅವರು ಕೂರುವಂತಿಲ್ಲ. ಎರಡು ರೂಪಾಯಿ ಚಿಲ್ಲರೆಯ ಯೂನಿಟ್ಟಿನಲ್ಲಿ ಇವರ ಕೂಲಿಯನ್ನು ಯಾರೂ ಕೂಡಿಸಿಲ್ಲ. ಇದು ಸೂರ್ಯನ ತಪ್ಪಲ್ಲ, ಲೆಕ್ಕ ಬರೆದವರದು. ಅವರು ಕಲ್ಲಿದ್ದಲಿನ ಲೆಕ್ಕ ಬರೆದವರ ಶಿಷ್ಯರೇ.

“ಅದೆಲ್ಲ ಇರಲಿ, ರಾತ್ರಿಗೇನ್ರೀ ಮಾಡ್ತೀರಿ?” ಎಂದರು ರಾಯರು. ಒಳ್ಳೆಯ ಪ್ರಶ್ನೆ, ಇದೊಂದೇ ನಿಜವಾದ ಪ್ರಶ್ನೆ. ಸಂಜೆ ಆರರಿಂದ ಹತ್ತರವರೆಗೆ ಟಿವಿ, ಮಿಕ್ಸಿ, ಫ್ಯಾನು ಎಲ್ಲವೂ ಒಟ್ಟಿಗೆ ಕೂಗುವ ಹೊತ್ತಿಗೆ ಸೂರ್ಯ ಊರು ಬಿಟ್ಟಿರುತ್ತಾನೆ. ಕೂಡಿಡಲು ಬ್ಯಾಟರಿ ಬೇಕು. ಬ್ಯಾಟರಿಯ ಬೆಲೆ ಸೇರಿದರೆ ಎರಡೂವರೆ ರೂಪಾಯಿ ಹಾಗೇ ಉಳಿಯುವುದಿಲ್ಲ ಎಂಬುದು ಬಹುಕಾಲ ನಿಜವೂ ಆಗಿತ್ತು. 2025ರಲ್ಲಿ ಮಧ್ಯಪ್ರದೇಶ ಎರಡು ಟೆಂಡರು ಕರೆಯಿತು. ಹೊಸ ಕಲ್ಲಿದ್ದಲು ಸ್ಥಾವರದ ವಿದ್ಯುತ್ತಿಗೆ ಬಂದ ದರ 5 ರೂಪಾಯಿ 83 ಪೈಸೆಯ ಆಸುಪಾಸು. ಮೊರೆನಾದಲ್ಲಿ ಬ್ಯಾಟರಿ ಸಮೇತ ಸೌರ ವಿದ್ಯುತ್ತಿಗೆ, ಸಂಜೆ ಮತ್ತು ನಸುಕಿನ ಗಿರಾಕಿಯ ಹೊತ್ತಿನಲ್ಲೂ ಕೊಡಬೇಕೆಂಬ ಷರತ್ತಿನೊಂದಿಗೆ, 2 ರೂಪಾಯಿ 70 ಪೈಸೆ. ಎರಡೂ ಒಂದೇ ಸರಕಲ್ಲ. ಮೊದಲನೆಯದು ಇಪ್ಪತ್ನಾಲ್ಕು ಗಂಟೆಯೂ ಸಿಗುವಂಥದು, ಎರಡನೆಯದರ ಬ್ಯಾಟರಿ ಕೆಲವು ಗಂಟೆಗಳದು. ಮಳೆಗಾಲದ ಮೋಡ ವಾರಗಟ್ಟಲೆ ಕವಿದರೆ ಆ ಬ್ಯಾಟರಿ ಕೈಚೆಲ್ಲುತ್ತದೆ. ಆಗ ಗದಗ, ಚಿತ್ರದುರ್ಗದ ಗಾಳಿ ಬೀಸಬೇಕು, ಬೀಸುತ್ತದೆ ಕೂಡ. ಅದೂ ಸಾಲದ ದಿನ ಅಳಿಯನನ್ನೇ ಎಬ್ಬಿಸಬೇಕು. ಇನ್ನೂ ಕೆಲವು ವರ್ಷ ಅವನ ಊಟ ತಪ್ಪಿಸಲಾಗದು. ಹೊಸ ಅಳಿಯನನ್ನು ತರುವುದೇಕೆ ಎಂಬುದಷ್ಟೇ ನನ್ನ ತಕರಾರು.

ರಾಯರಿಗೆ ಅಂಕಿ ಹಿಡಿಸಿತು. ಆದರೂ ತಾವು ಹಾಕಿಸುವುದಿಲ್ಲ ಎಂದರು. ಕಾರಣ ಕೇಳಿ ನನಗೆ ಮಾತೇ ಹೊರಡಲಿಲ್ಲ. ರಾಜ್ಯ ಸರ್ಕಾರದ ಗೃಹಜ್ಯೋತಿಯಲ್ಲಿ ಅವರ ಬಿಲ್ಲು 2023ರಿಂದ ಸೊನ್ನೆ. ಪಿಎಂ ಸೂರ್ಯಘರ್‌ನಲ್ಲಿ ಕೇಂದ್ರ ಸರ್ಕಾರ ಮೂರು ಕಿಲೋವಾಟಿಗೆ 78 ಸಾವಿರ ಕೊಡುತ್ತದೆ, ಉಳಿದದ್ದನ್ನು ಜೇಬಿನಿಂದ ಹಾಕಬೇಕು. ಹಾಕಿದ ಹಣ ಎಷ್ಟು ವರ್ಷಕ್ಕೆ ವಾಪಸು? ಅಸಲನ್ನು ಉಳಿತಾಯದಿಂದ ಭಾಗಿಸಬೇಕು, ಉಳಿತಾಯ ಸೊನ್ನೆ. ಸೊನ್ನೆಯಿಂದ ಭಾಗಿಸಬಾರದು ಎಂದು ನಮ್ಮ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ಬೆಂಗಳೂರು, ದಿಲ್ಲಿ ಎರಡೂ ಸೇರಿ ಭಾಗಿಸಿ ತೋರಿಸಿವೆ. ಒಂದು ಸರ್ಕಾರ ‘ಕರೆಂಟು ಉಚಿತ’ ಎನ್ನುತ್ತದೆ, ಇನ್ನೊಂದು ‘ತಾರಸಿಯಲ್ಲಿ ಮಾಡಿಕೊಳ್ಳಿ, ಆಗ ಉಚಿತ’ ಎನ್ನುತ್ತದೆ. ರಾಯರಂಥ ಬುದ್ಧಿವಂತರು ಮೊದಲನೆಯದನ್ನು ಹಿಡಿದು ನೆಮ್ಮದಿಯಾಗಿದ್ದಾರೆ. ನಮ್ಮ ಮನೆಯಲ್ಲಿ ಮಗ ಏಸಿ ಹಾಕಿಸಿ ಗೃಹಜ್ಯೋತಿಯ ಮಿತಿಯಾದ ಇನ್ನೂರು ಯೂನಿಟ್ ದಾಟಿಸಿದ್ದರಿಂದ ನನಗೆ ಸೂರ್ಯನ ಮೇಲೆ ಭಕ್ತಿ ಹುಟ್ಟಿದೆ. ಸಿದ್ಧಾಂತ ಗಿದ್ಧಾಂತ ಏನಿಲ್ಲ.

“ಇಪ್ಪತ್ತೈದು ವರ್ಷ ಗ್ಯಾರಂಟಿಯಂತೆ,” ರಾಯರೇ ಮುಂದುವರಿಸಿದರು. “ನನಗೆ ಎಪ್ಪತ್ತೆರಡು. ನಾನ್ಯಾಕ್ರೀ ಹಾಕಿಸ್ಲಿ?” ಹೋದ ಆಷಾಢದಲ್ಲಿ ಅವರು ಹಿತ್ತಿಲಲ್ಲಿ ಎರಡು ತೆಂಗಿನ ಸಸಿ ನೆಟ್ಟಿದ್ದಾರೆ. ನಾನು ಅದರ ಮಾತೆತ್ತಲಿಲ್ಲ.

ಇಳಿದು ಹೋಗುವ ಮುಂಚೆ ಹುಡುಗರ ಕೈಯಲ್ಲಿದ್ದ ಟೇಪನ್ನೊಮ್ಮೆ, ತಮ್ಮ ತಾರಸಿಯನ್ನೊಮ್ಮೆ ನೋಡಿದರು. ಅಲ್ಲಿ ಹಳೇ ಸೀರೆಯ ಮೇಲೆ ಅವರ ಮನೆಯವರು ಹಾಕಿದ ಅರಳು ಸಂಡಿಗೆ ಗರಿಗರಿಯಾಗಿ ಒಣಗುತ್ತಿತ್ತು.

“ಸ್ವಲ್ಪ ಆ ಕಡೆಗೆ ಹಾಕಿಸ್ರೀ. ನಮ್ಮ ಬಿಸಿಲಿಗೆ ಅಡ್ಡ ಬರುತ್ತೆ.”

ಫಲಕದ ಸ್ಟ್ಯಾಂಡನ್ನು ಎರಡಡಿ ಹಿಂದಕ್ಕೆ ಸರಿಸಲು ಹೇಳಿದ್ದೇನೆ.