ಜಪಾನೀ ನಿಷೇಧಮೀಮಾಂಸೆ: ಯಾರೂ ಕೇಳದ ಒಂದು ಪ್ರಬಂಧ

ಮನುಷ್ಯ ಮನುಷ್ಯನಿಗೆ ಮೊಟ್ಟಮೊದಲು ಆಡಿದ ಮಾತು ‘ಬೇಡ’ ಎಂಬುದೇ ಇರಬೇಕೆಂದು ಪ್ರಬಂಧಕಾರನ ದೃಢ ನಂಬಿಕೆ. ಆಧಾರ ಕೇಳಕೂಡದು. ಈ ಆದಿಮ ‘ಬೇಡ’ ಜಪಾನಿನಲ್ಲಿ ಒಂದರ ಮೇಲೊಂದು ಉಡುಪು ತೊಟ್ಟು, ಕೊನೆಗೆ ಉಡುಪಷ್ಟೇ ಉಳಿದು, ಒಳಗಿನ ಆಸಾಮಿ ನಾಪತ್ತೆಯಾದದ್ದು ಹೇಗೆಂಬುದೇ ಇಲ್ಲಿನ ಜಿಜ್ಞಾಸೆ. ನಮ್ಮ ಪ್ರತಿಜ್ಞೆ ಇಷ್ಟು: ಮರ್ಯಾದೆ ಒಂದೊಂದು ಮೆಟ್ಟಿಲು ಏರಿದಂತೆ ವಾಕ್ಯದಲ್ಲಿ ನಿಷೇಧ ಕರಗುತ್ತದೆ, ಅದರ ತೂಕ ಮಾತ್ರ ಕರಗುವುದಿಲ್ಲ.

ತಳಮೆಟ್ಟಿಲಲ್ಲಿ ‘ನ’ಕಾರ ಕೂತಿದೆ. ‘ಹಾಯಿರು’ ಎಂದರೆ ಒಳಹೋಗು. ‘ಹಾಯಿರು ನ’ ಎಂದರೆ ಒಳಗೆ ಕಾಲಿಟ್ಟೀಯ, ಜೋಕೆ! ಸಿಟ್ಟಿಗೆದ್ದ ಅಪ್ಪ, ಬೇಸ್‌ಬಾಲ್ ಕೋಚ್, ರಸ್ತೆಗೆ ನುಗ್ಗುವ ಮಕ್ಕಳಿಗೆ ‘ತೊಬಿದಾಸು ನ’ ಎಂದು ಗದರುವ ಫಲಕ, ಇಂಥವರಿಗೇ ಇದರ ಅಧಿಕಾರ. ಭಾಷೆ ಕಲಿಸುವ ಮೇಷ್ಟ್ರು ಇದನ್ನು ಕಲಿಸಿ, ಮರುಕ್ಷಣವೇ ‘ತ್ಸುಕವನೈದೆ ಕುದಸೈ’, ದಯವಿಟ್ಟು ಬಳಸಬೇಡಿ, ಎನ್ನುತ್ತಾರೆ. ಒಂದು ಮೆಟ್ಟಿಲನ್ನು ನಿಷೇಧಿಸಲು ಮೇಲಿನ ಮೆಟ್ಟಿಲು ಬೇಕು ಎಂಬ ಉಪಸಿದ್ಧಾಂತ ಇಲ್ಲೇ ಸಿದ್ಧವಾಯಿತು.

‘ದಮೆ’, ಅಂದರೆ ಕೂಡದು, ಅಮ್ಮಂದಿರದು, ಅದರ ಮೇಲೆ ಭಾಷ್ಯ ಬರೆಯುವ ಧೈರ್ಯ ನಮಗಿಲ್ಲ. ಒಸಾಕಾ ಸೀಮೆಯಲ್ಲಿ ಅದೇ ‘ಅಕಾನ್’. ರೈಲಿನ ನೂಕುನುಗ್ಗಲಲ್ಲಿ ಹೆಂಗಸರ ಮೈಮುಟ್ಟುವ ಪೋಕರಿಗೆ ಜಪಾನಿಯಲ್ಲಿ ‘ಚಿಕಾನ್’ ಎನ್ನುತ್ತಾರಾದ್ದರಿಂದ ಅಲ್ಲಿನ ಪೊಲೀಸರ ಪ್ರಸಿದ್ಧ ಪೋಸ್ಟರ್ ‘ಚಿಕಾನ್ ಅಕಾನ್’ ಎಂದು ಸಾರುತ್ತದೆ. ದ್ವಿತೀಯಾಕ್ಷರ ಪ್ರಾಸವನ್ನು ಇಷ್ಟು ಶುದ್ಧವಾಗಿ ಪಾಲಿಸುವ ಪೊಲೀಸ್ ಇಲಾಖೆ ಕಂಡು ಕನ್ನಡದ ಛಂದಸ್ಸಿನವರು ಹೊಟ್ಟೆಕಿಚ್ಚುಪಡಬೇಕು.

ಇನ್ನು ‘ಇಕೆನೈ’, ‘ನರನೈ’ ಎಂಬ ಜೋಡಿ, ಎರಡೂ ‘ಬಾರದು’ ಎಂಬರ್ಥದವೇ. ಮೊದಲನೆಯದು ಎದುರಿಗಿರುವ ಹುಡುಗನಿಗೆ, ಎರಡನೆಯದು ಸಮಸ್ತ ಲೋಕಕ್ಕೆ. 1947ರಲ್ಲಿ ಜಾರಿಗೆ ಬಂದ ಜಪಾನಿನ ಸಂವಿಧಾನ 21ನೆಯ ವಿಧಿಯಲ್ಲಿ ಸೆನ್ಸಾರ್‌ಶಿಪ್ಪನ್ನು ನಿಷೇಧಿಸುವುದು ‘ನರನೈ’ ಬಳಸಿಯೇ. ಸರ್ಕಾರದ ಬಾಯಿ ಮುಚ್ಚಿಸಬೇಕಾದಾಗ ದಯವಿಟ್ಟು ಎನ್ನುವ ಪದ್ಧತಿ ಅಲ್ಲೂ ಇಲ್ಲ. ಹುಲ್ಲುಹಾಸಿನ ಪಕ್ಕ ಹಳೆಯ ವ್ಯಾಕರಣದ ಪಳೆಯುಳಿಕೆಯಾಗಿ ನಿಂತ ‘ಬೆಕರಜು’ (ತಕ್ಕದ್ದಲ್ಲ) ಎಂಬ ಅಜ್ಜನಿಗೆ ನಮಸ್ಕರಿಸಿ ಮುಂದೆ ಸಾಗೋಣ.

ಚೀನೀ ಮೂಲದ ಲಿಪಿಚಿಹ್ನೆ ನಾಲ್ಕೇ ಬರೆದರೆ ನಿಷೇಧದ ಇನ್ನೊಂದು ತಳಿ. ‘ತಚಿಇರಿ ಕಿನ್ಷಿ’, ಪ್ರವೇಶ ನಿಷೇಧ. ‘ಕಾಕಿ ಗೆಂಕಿನ್’, ಬೆಂಕಿ ಕಟ್ಟುನಿಟ್ಟಾಗಿ ನಿಷಿದ್ಧ. ಇವುಗಳಲ್ಲಿ ಕರ್ತೃವಿಲ್ಲ, ಕ್ರಿಯಾಪದವಿಲ್ಲ, ಹೇಳಿದವರಿಲ್ಲ, ಕೇಳಬೇಕಾದವರೂ ಇಲ್ಲ. ಅಪೌರುಷೇಯ ವಾಕ್ಯವನ್ನು ಹುಡುಕಿಕೊಂಡು ಮೀಮಾಂಸಕರು ಅಷ್ಟು ದೂರ ಹೋಗಬೇಕಿರಲಿಲ್ಲ, ಪೆಟ್ರೋಲ್ ಬಂಕಿಗೆ ಹೋಗಿದ್ದರೆ ಸಾಕಿತ್ತು.

ಈಗ ಗರ್ಭಗುಡಿ. ರೈಲಿನೊಳಗೆ ಫೋನಿನಲ್ಲಿ ಮಾತಾಡಬೇಡಿ ಎಂದು ಧ್ವನಿವರ್ಧಕ ಹೇಳುವುದಿಲ್ಲ. ಮಾತಾಡುವುದಕ್ಕೆ ‘ಗೊಎನ್ರ್ಯೊ ಕುದಸೈ’, ಅಂದರೆ ದಯಮಾಡಿ ಸಂಕೋಚಪಡಿ, ಎನ್ನುತ್ತದೆ. ಪೂರ್ವಪಕ್ಷ: ನನಗೆ ಸಂಕೋಚವಿಲ್ಲ, ಆದಕಾರಣ ಮಾತಾಡಬಹುದು. ಸಿದ್ಧಾಂತ: ಮಾತಾಡಿ ನೋಡಿ. ಇಡೀ ಬೋಗಿ ನಿಮ್ಮತ್ತ ನೋಡದೆ ಇರುತ್ತದೆ, ಮತ್ತು ಆ ನೋಡದಿರುವಿಕೆಯನ್ನು ತಡೆದುಕೊಂಡ ಪೂರ್ವಪಕ್ಷಿಯನ್ನು ನಾವು ಕಂಡಿಲ್ಲ.

ಟೋಕಿಯೊ ಮೆಟ್ರೋ 2008ರಲ್ಲಿ ಇನ್ನೂ ಮೇಲೇರಿತು. ಯೊರಿಫುಜಿ ಬುನ್‌ಪೆಯಿ ಚಿತ್ರಿಸಿದ ಆ ಪೋಸ್ಟರುಗಳಲ್ಲಿ ಬೋಗಿಯಲ್ಲೇ ಮುಖಕ್ಕೆ ಬಣ್ಣ ಬಳಿಯುವವರು, ಕುಡಿದು ಬಿದ್ದವರು ಇದ್ದರು. ಬರಹ ಮಾತ್ರ ‘ಇಎ ದೆ ಯಾರೋ’, ಮನೆಯಲ್ಲಿ ಮಾಡೋಣ. ಗಮನಿಸಿ, ನಿಷೇಧ ಇಲ್ಲಿ ಆಮಂತ್ರಣವಾಗಿದೆ. ಶೌಚಾಲಯದ ಗೋಡೆಯಂತೂ ಯಾವಾಗಲೂ ಸ್ವಚ್ಛವಾಗಿ ಬಳಸುತ್ತಿರುವುದಕ್ಕೆ ಧನ್ಯವಾದ ಎಂದು, ಮೊದಲ ಸಲ ಒಳಬಂದವನಿಗೂ ಮುಂಗಡ ಕೃತಜ್ಞತೆ ಸಲ್ಲಿಸಿಬಿಡುತ್ತದೆ. ಮಾಡದ ಪುಣ್ಯದ ಸಾಲವನ್ನು ತಲೆಯ ಮೇಲೆ ಹೊತ್ತವನು ಗುರಿ ತಪ್ಪುವುದಾದರೂ ಹೇಗೆ?

ಶಿಖರದಲ್ಲಿ ಮಾತೇ ಇಲ್ಲ. ಚಹಾಗೃಹದ ಉದ್ಯಾನದ ಕವಲುದಾರಿಯ ಮೆಟ್ಟುಗಲ್ಲಿನ ಮೇಲೆ ಕಪ್ಪು ಹಗ್ಗ ಬಿಗಿದ ಒಂದು ಗುಂಡುಕಲ್ಲು ಕೂತಿರುತ್ತದೆ. ಹೆಸರು ‘ಸೆಕಿಮೊರಿ ಇಷಿ’. ಕಂಡರೆ ಆ ದಾರಿ ಹಿಡಿಯಬಾರದು. ದಾಟಲು ಅರ್ಧ ಹೆಜ್ಜೆ ಸಾಕು, ಆದರೂ ತಿಳಿದವರು ದಾಟುವುದಿಲ್ಲ. ಮೂತ್ರಶಂಕೆಯವರು ನಿಲ್ಲುವ ಗೋಡೆಗೆ ಪುಟ್ಟ ಕೆಂಪು ‘ತೊರಿಇ’, ಅಂದರೆ ದೇಗುಲದ ಹೆಬ್ಬಾಗಿಲಿನ ಮಾದರಿ, ಅಂಟಿಸುವುದೂ ಇದೇ ಪಂಥ. (ನಮ್ಮ ಊರುಗಳ ದೇವರ ಟೈಲ್ಸ್ ಶಾಖೆಯೊಂದಿಗೆ ಇದರ ತೌಲನಿಕ ಅಧ್ಯಯನ ಆಗಬೇಕಿದೆ; ಕ್ಷೇತ್ರಕಾರ್ಯಕ್ಕೆ ಮೂಗು ಮುಚ್ಚಿಕೊಳ್ಳುವ ಸಂಶೋಧಕರು ಬೇಕು.)

ಇಷ್ಟು ಚೆಂದವಾಗಿ ಕಟ್ಟಿದ ಮೆಟ್ಟಿಲಸಾಲು 2024ರ ಜನವರಿ 1ರಂದು ನೊಟೊ ಪರ್ಯಾಯದ್ವೀಪ ಭೂಕಂಪಕ್ಕೆ ನಡುಗಿದಾಗ ಕೆಲಸಕ್ಕೆ ಬರಲಿಲ್ಲ. 2011ರ ಸುನಾಮಿಯ ನಂತರ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ತನ್ನ ಎಚ್ಚರಿಕೆಯ ಧಾಟಿಯನ್ನೇ ಬದಲಿಸಿಕೊಂಡಿತ್ತು: ಶಾಂತವಾಗಿ ಹೇಳಿದರೆ ಜನ ಶಾಂತವಾಗಿ ಕೂತೇ ಇರುತ್ತಾರೆ. ಅಂದು ಸುನಾಮಿಯ ಎಚ್ಚರಿಕೆ ಓದಿದ ವಾಚಕಿ ಅಕ್ಷರಶಃ ಕೂಗಿದರು. ಓಡಿ, ನಿಲ್ಲಕೂಡದು, ಹಿಂದಿರುಗಕೂಡದು. ಬಳಸಿದ್ದು ‘ಷಿನೈ ಕೊತೊ’ (ಮಾಡದಿರತಕ್ಕದ್ದು), ಶಾಲೆಯ ನಿಯಮಪಟ್ಟಿಯ ವ್ಯಾಕರಣ. ಸಂಕೋಚಪಡಿ ಎಂಬ ಮಾತು ಬರಲಿಲ್ಲ, ಬರಬಾರದಿತ್ತು ಕೂಡ. ಇಲ್ಲಿ ಪ್ರಬಂಧಕಾರನೂ ಕ್ಷಣಕಾಲ ಪಂಡಿತಗಿರಿ ಬಿಡುತ್ತಾನೆ.

ಇದರಿಂದ ನಮ್ಮ ಪ್ರತಿಜ್ಞೆ ಸಿದ್ಧವಾಯಿತೋ ಬಿದ್ದುಹೋಯಿತೋ ಎಂದು ವಾದಿಸಬಯಸುವ ವಿದ್ವಾಂಸರಿಗೆ ಸ್ವಾಗತ. ಮನೆಯ ಬಾಗಿಲು ತೆರೆದಿದೆ. ಚಪ್ಪಲಿ ಮಾತ್ರ ಹೊರಗೆ: ‘ದೊಸೊಕು ಗೆಂಕಿನ್’.