ಕಾಲು ಮತ್ತು ಕಾಲ: ಸಾಮೂಹಿಕ ಧಾವನವನ್ನು ಕುರಿತೊಂದು ಮೀಮಾಂಸೆ

ಕಾಲವು ಅನಾದಿಯೆಂದು ಪ್ರಾಚೀನರು ಸಾಧಿಸಿಹೋದ ಮೇಲೆ, ಅದಕ್ಕೊಂದು ಆದಿಯುಂಟು, ಆ ಆದಿಯು ಬೆಂಗಳೂರಿನ ಪರೇಡ್ ಮೈದಾನದ ಬಳಿ ಹಾಸಿದ ಒಂದು ರಬ್ಬರಿನ ಚಾಪೆಯ ಮೇಲುಂಟು ಎಂದು ಪ್ರತಿಪಾದಿಸಹೊರಡುವುದನ್ನು ಪಂಡಿತರು ಉದ್ಧಟತನವೆಂದು ಬಗೆದಾರು. ಆದರೆ 2008ರಿಂದ ಈ ನಗರದಲ್ಲಿ ನಡೆದುಬರುತ್ತಿರುವ ‘ವರ್ಲ್ಡ್ 10ಕೆ’ ಎಂಬ ಹತ್ತು ಕಿಲೋಮೀಟರಿನ ಓಟದಲ್ಲಿ, ಬೆಳಗಿನ ಜಾವದಲ್ಲಿ ಮೈ ಜುಮ್ಮೆನ್ನುತ್ತಿರಲು, ನಂಬರಿನ ಚೀಟಿಯನ್ನು ಎದೆಗೆ ಪಿನ್ನು ಚುಚ್ಚಿಕೊಂಡು ಸಹಸ್ರಾರು ಬೆನ್ನುಗಳ ಹಿಂದೆ ನಿಂತ ಯಾವ ಗೃಹಸ್ಥನೂ ಇದನ್ನು ಅಲ್ಲಗಳೆಯಲಾರನು.

ಈ ವಿಷಯದಲ್ಲಿ ಎರಡು ಮತಗಳಿವೆ. ಗುಂಡು ಹಾರಿದ ಕ್ಷಣದಿಂದಲೇ ಕಾಲಗಣನೆಯೆನ್ನುವವರು ಶಬ್ದಪ್ರಮಾಣವಾದಿಗಳು. ಅರ್ಧ ಗಂಟೆ ತುಂಬುವ ಮೊದಲೇ ಗುರಿ ಮುಟ್ಟುವ ಕೀನ್ಯಾ, ಇಥಿಯೋಪಿಯಾಗಳ ವೃತ್ತಿಪರರು ಈ ಪಂಥದವರು. ಚೀಟಿಯ ಬೆನ್ನಿಗಂಟಿದ ಕಾಲಮಾಪಕ ಚಿಪ್ ಚಾಪೆಯನ್ನು ದಾಟಿದಾಗ ಮಾತ್ರ ಕಾಲವು ಹುಟ್ಟುವುದೆನ್ನುವವರು ಸ್ಪರ್ಶವಾದಿಗಳು. ಗುಂಡಿನ ಸದ್ದು ಕೇಳಿಯೂ ಹತ್ತು ನಿಮಿಷ ಒಂದಡಿ ಕದಲಲಾಗದೆ, ಮುಂದಿನವನ ಬೆವರಿನ ಅಂಗಿಯನ್ನೇ ಧ್ಯಾನಿಸುತ್ತ ನಿಲ್ಲುವ ನಮ್ಮಂಥವರಿಗೆ ಈ ದರ್ಶನವೇ ಶರಣ್ಯ. ಕಾಲಿನಿಂದಲೇ ಕಾಲ ಹುಟ್ಟಿತೆಂಬ ನಿರುಕ್ತಿಯನ್ನು ವೈಯಾಕರಣರು ಒಪ್ಪರು, ಅವರು ಓಡಿದವರಲ್ಲ.

ಇವೆರಡನ್ನೂ ಮೀರಿದವರು ಅದೇ ಉತ್ಸವದ ಮೋಜಿನ ಓಟವಾದ ‘ಮಜ್ಜಾ ರನ್’ನವರು. ಅಲ್ಲಿ ಕಾಲವನ್ನು ಅಳೆಯುವ ಪದ್ಧತಿಯೇ ಇಲ್ಲವಾದ್ದರಿಂದ ಅವರು ಅಕ್ಷರಶಃ ಕಾಲಾತೀತರು. ತಲೆಗೆ ಕಾಗದದ ಕಿರೀಟವಿಟ್ಟವರು, ಮಗುವನ್ನು ಹೆಗಲಿಗೇರಿಸಿಕೊಂಡವರು, ಹತ್ತು ಹೆಜ್ಜೆಗೊಮ್ಮೆ ನಿಂತು ಮೊಬೈಲನ್ನು ಮುಖದೆದುರು ಹಿಡಿದು ನಗುವವರು, ನಾಲ್ವರು ಸಾಲಾಗಿ ಕೈಹಿಡಿದು ಹಿಂದಿನವರ ಮಾರ್ಗವನ್ನು ನಿರೋಧಿಸುವ ಕಚೇರಿ ಮಿತ್ರರು, ಎಲ್ಲರೂ ಈ ಮೋಕ್ಷದ ಭಾಗಿಗಳು. ಈ ಹೆಸರು ಮಜಾ ಎಂಬ ಪದದಿಂದ ಬಂದಿತೆಂಬುದು ಲೋಕರೂಢಿ. ಆದರೆ ಇಂಗ್ಲಿಷಿನ ಬರಹದಲ್ಲಿ ಜಕಾರಕ್ಕೆ ದ್ವಿತ್ವವಿರುವುದನ್ನು ಗಮನಿಸಿದರೆ, ಆಯುರ್ವೇದವು ಹೇಳುವ ಸಪ್ತಧಾತುಗಳಲ್ಲಿ ಆರನೆಯದಾದ ಮಜ್ಜೆಯೇ ಇಲ್ಲಿ ವಿವಕ್ಷಿತವೆಂದೂ, ಆಯಾಸವು ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿಗಳನ್ನು ಕ್ರಮವಾಗಿ ಭೇದಿಸಿ ಅಲ್ಲಿಯವರೆಗೆ ಇಳಿಯುವುದೆಂಬುದೇ ಸಂಘಟಕರ ಗೂಢಾರ್ಥವೆಂದೂ ನನಗೆ ತೋರುತ್ತದೆ. ಇದಕ್ಕೆ ಪ್ರಮಾಣ ನನ್ನ ಮೊಣಕಾಲು.

ಕಾಲದ ಅಂತ್ಯವನ್ನು ಕುರಿತು ಶಾಸ್ತ್ರವು ಗುರಿಯ ಚಾಪೆಯನ್ನು ತೋರಿಸುತ್ತದೆ. ಅದನ್ನು ದಾಟಿದವನಿಗೆ ಪದಕವೂ ಬಾಳೆಹಣ್ಣೂ ಪ್ರಾಪ್ತವಾಗುವುವು. ನಾನು ಇದನ್ನು ಒಪ್ಪುವುದಿಲ್ಲ. ಓಟದ ಮಾರನೆಯ ದಿನವಾದ ಸೋಮವಾರ ಮುಂಜಾನೆ, ಮೂರನೆಯ ಅಂತಸ್ತಿನ ನಮ್ಮ ಮನೆಯಿಂದ ಹಾಲು ತರಲೆಂದು ಹೊರಟ ನಾನು ಗೋಡೆಯನ್ನು ಅವಲಂಬಿಸಿ, ಏಡಿಯಂತೆ ಅಡ್ಡಡ್ಡವಾಗಿ ಒಂದೊಂದೇ ಮೆಟ್ಟಿಲನ್ನು ಇಳಿಯುತ್ತಿದ್ದಾಗ, ಎಂಬತ್ತು ದಾಟಿದ ಕೆಳಮನೆಯ ಅಜ್ಜಿಯವರು ಹೂವಿನ ಬುಟ್ಟಿ ಹಿಡಿದು ನನ್ನನ್ನು ದಾಟಿಹೋದರು. ದಾಟುವಾಗ ‘ಜೋಪಾನ ಕಣಪ್ಪ’ ಎಂದರು. ಆ ಅವರೋಹಣಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬುದು ದಾಖಲೆಯಲ್ಲಿಲ್ಲ. ಕೆಳಗೆ ಚಾಪೆ ಹಾಸಿರಲಿಲ್ಲ.