ಸೆಕೆಂಡ್ಸ್ ಮಾವ

ಅರಸೀಕೆರೆಯಲ್ಲಿ ಯಾರೇ ಹಳೇ ಗಾಡಿ ಕೊಳ್ಳಲಿ, ಸಾಲಕ್ಕೆ ಬ್ಯಾಂಕಿಗೆ ಹೋಗುವ ಮೊದಲು ಸೆಕೆಂಡ್ಸ್ ಮಾವನ ಮನೆಗೆ ಹೋಗುತ್ತಾರೆ. ಇಂಥವರು ಬೇಲೂರಲ್ಲೂ ಒಬ್ಬರಿದ್ದಾರೆ, ಹಳೇಬೀಡಲ್ಲೂ ಒಬ್ಬರಿದ್ದಾರೆ. ಆದರೆ 'ಅವರಿಗೆ ಬೈಕು ಬಿಟ್ಟರೆ ಏನು ಗೊತ್ತು' ಎಂಬುದು ನಮ್ಮ ಮಾವನ ಅಭಿಪ್ರಾಯ. ಇವರಿಗೆ ಟ್ರ್ಯಾಕ್ಟರು, ಹಳ್ಳಿಕಾರ್ ಹೋರಿ, ಬೋರ್‌ವೆಲ್ ಮೋಟರು, ತೊಟ್ಟಿಮನೆ ಎಲ್ಲವೂ ಗೊತ್ತು. ಸ್ವಂತಕ್ಕೆ ಮಾತ್ರ ಏನನ್ನೂ ಕೊಂಡವರಲ್ಲ. ಹಾಸನಕ್ಕೆ ಕೆಂಪು ಬಸ್ಸು, ಬೆಂಗಳೂರಿಗೆ ರೈಲು. ಕೇಳಿದರೆ, 'ಚೆನ್ನಾಗಿರೋ ಗಾಡೀನ ಯಾರಯ್ಯಾ ಮಾರ್ತಾರೆ?'

ಫೀಸು ಇಡ್ಲಿ-ವಡೆ, ಮೇಲೊಂದು ಫುಲ್ ಕಾಫಿ. ಬೈಟು ಅಂದರೆ ಸಿಟ್ಟು.

ಮಾವ ಗಾಡಿ ನೋಡುವುದನ್ನೇ ನಿಂತು ನೋಡಬೇಕು. ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಾರೆ. ಬಿಸಿಯಿದ್ದರೆ ಮಾತಿಲ್ಲದೆ ವಾಪಸ್. ತಣ್ಣಗಿರುವಾಗ ಸ್ಟಾರ್ಟ್ ಆಗಲ್ಲ ಅಂತಲೇ ಬೆಳಿಗ್ಗೆ ಓಡಿಸಿಟ್ಟಿದ್ದಾರೆ. ಆಯಿಲ್ ಕಡ್ಡಿ ಎಳೆದು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಬಿಸಿಲಿಗೆ ಹಿಡಿಯುತ್ತಾರೆ. ಬೆಳ್ಳಗೆ ಕಂಡರೆ ನೀರು ಸೇರಿದೆ. ಮ್ಯಾಟ್ ಎತ್ತಿ ಮೂಸುತ್ತಾರೆ. ಕೊನೆಗೆ, ಓನರ್ ಹೆಂಡತಿ ಕಾಫಿ ತಂದಾಗ, ಗಂಡನನ್ನು ಬಿಟ್ಟು ಆಕೆಯನ್ನೇ ಕೇಳುತ್ತಾರೆ: 'ಯಾಕಮ್ಮಾ, ಮಾರ್ತಿರೋದು?' ನನ್ನನ್ನು ಕೇಳಿದರೆ ಮಾವನ ವಿದ್ಯೆಯೆಲ್ಲ ಇಲ್ಲೇ ಇದೆ. ಅವರು ಓದುವುದು ಗಾಡಿಯನ್ನಲ್ಲ, ಮಾರುವವನ ಮುಖವನ್ನು.

ಹೀಗಾಗಿ ಆಕ್ಲೆಂಡಿನಲ್ಲಿರುವ ಅಕ್ಕನ ಮಗ ಹಳೇ ಹಾಯಿದೋಣಿ ಕೊಳ್ಳುತ್ತೇನೆ, ಕರಾವಳಿ ಸುತ್ತಿ ಆಮೇಲೆ ನಡುಸಮುದ್ರಕ್ಕೂ ಇಳಿಯುತ್ತೇನೆ ಎಂದಾಗ ಮಾವ ಹಿಂಜರಿಯಲಿಲ್ಲ. ಹಳೇಬೀಡಿನ ಕೆರೆ ಬಿಟ್ಟರೆ ಅವರು ಕಂಡ ದೊಡ್ಡ ನೀರೆಂದರೆ ಬೇಲೂರಿನ ಯಗಚಿ ಜಲಾಶಯ. ಅಲ್ಲೂ ಲೈಫ್ ಜಾಕೆಟ್ ಹಾಕಿಕೊಂಡು ಒಂದು ಸುತ್ತು ಹೋಗಿಬಂದು, ಬೋಟಿನ ಹುಡುಗನಿಗೆ 'ಇದು ಯಾವ ವರ್ಷದ ಮಾಡೆಲ್ಲು, ಎಷ್ಟಕ್ಕೆ ಕೊಡ್ತೀರಿ?' ಎಂದು ಕೇಳಿದ್ದರು.

ವಿಡಿಯೋ ಕಾಲ್ ಶುರುವಾಯಿತು. 'ಇಂಜಿನ್ ಮುಟ್ಟಿ ನೋಡು.'

'ಬೆಚ್ಚಗಿದೆ ಮಾವ.'

'ನಾಳೆ ಬರ್ತೀನಿ ಅಂತ ಹೇಳಿ ಹೊರಡು.'

ಮರುದಿನ ನೆಲದ ಹಲಗೆ ಎತ್ತಿಸಿದರು. ಕೆಳಗೆ ದೋಣಿಯ ತಳದ ಕೀಲ್ ಹಿಡಿದ ಬೋಲ್ಟುಗಳು, ಒಂದರ ಸುತ್ತ ತುಕ್ಕಿನ ಗೆರೆ. ಮಾವನ ಮುಖ ಅರಳಿತು. ಕಂಬ ಹಿಡಿದು ನಿಲ್ಲಿಸಿರುವ ಸ್ಟೀಲ್ ತಂತಿಗೆ ವಯಸ್ಸೆಷ್ಟು ಅಂತ ಕೇಳಿಸಿದರು. ಹತ್ತು ಹದಿನೈದು ವರ್ಷಕ್ಕೆ ಬದಲಾಯಿಸಬೇಕಂತೆ, ಇದಕ್ಕೆ ಇಪ್ಪತ್ತು ದಾಟಿತ್ತು. 'ರೇಟಲ್ಲಿ ಕಳೆ.'

ಡೆಕ್ ಸರದಿ ಬಂತು. ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ಇಟ್ಟಿರುತ್ತಾರೆ, ಬೋಲ್ಟಿನ ಸಂದಿಯಿಂದ ನೀರಿಳಿದರೆ ಒಳಗೊಳಗೇ ಕೊಳೆಯುತ್ತದೆ, ಸರ್ವೇಯರು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಕಂಡುಹಿಡಿಯುತ್ತಾರೆ ಎಂದು ಹುಡುಗ ವಿವರಿಸಲು ಹೊರಟ. ಯಾರಿಗೆ ಹೇಳುತ್ತಿದ್ದಾನೆ! ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಉಂಡೆ ಕೊಬ್ಬರಿ ಆಗಿದೆಯೋ ಕೊಳೆತಿದೆಯೋ ಒಡೆಯದೆ ಹೇಳುವ ಮನುಷ್ಯ. 'ಫೋನ್ ಕೆಳಗಿಟ್ಟು ತಟ್ಟುತ್ತಾ ಹೋಗು' ಎಂದು ಕಣ್ಣು ಮುಚ್ಚಿದರು. ಟಕ್, ಟಕ್, ಟಕ್, ಡಬ್. 'ಅಲ್ಲೇ ನಿಲ್ಲು. ಅಲ್ಲಿ ನೀರು ಕುಡಿದಿದೆ.' ಆಮೇಲೆ ಬಂದ ಸರ್ವೇಯರು ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೂ ಅಲ್ಲೇ.

ಹುಡುಗ ಆಸೆ ಬಿಡಲಿಲ್ಲ. 'ಮಾವ, ಜೋಶುವಾ ಸ್ಲೋಕಂ ಅಂತ ಒಬ್ರು. ಬಿಟ್ಟಿ ಸಿಕ್ಕಿದ ಲಡಾಸು ದೋಣೀನ ರಿಪೇರಿ ಮಾಡ್ಕೊಂಡು 1895ರಲ್ಲಿ ಹೊರಟು, ಒಬ್ಬರೇ ಭೂಮಿ ಸುತ್ತಿ 1898ರಲ್ಲಿ ವಾಪಸ್ ಬಂದ್ರು.'

'ಆಮೇಲೆ?'

'ಹತ್ತು ವರ್ಷ ಕಳೆದ ಮೇಲೆ ಅದೇ ದೋಣೀಲಿ ಹೋದವರು ಬರಲೇ ಇಲ್ಲ.'

'ನೋಡ್ದಾ? ಸರ್ವಿಸ್ ಮಾಡಿಸಿಲ್ಲ.'

ಓನರ್ ಹೆಂಡತಿಯನ್ನೂ ಬಿಡಲಿಲ್ಲ. ವಯಸ್ಸಾಯಿತು, ಹಾಯಿ ಎಳೆಯಲು ಇವರ ಭುಜ ಬಾಗುವುದಿಲ್ಲ ಎಂದಳಂತೆ ಆಕೆ. ಮಾವ ಮೆತ್ತಗಾದರು. 'ಹೆಣ್ಣುಮಗಳು ಸುಳ್ಳು ಹೇಳ್ತಿಲ್ಲ ಕಣೋ. ತಂತಿ, ಡೆಕ್ಕು ಎರಡರ ಖರ್ಚನ್ನೂ ಮುರ್ಕೊಂಡು ತಗೋ. ಮಲಗೋಕೆ, ಅಡುಗೆಗೆ ಒಳಗೇ ಜಾಗ ಇದೆ ಅಂದ್ಯಲ್ಲ?'

'ಎಲ್ಲಾ ಇದೆ ಮಾವ, ಥೇಟ್ ಮನೆ.'

'ಮನೆ ಅಂದ್ಮೇಲೆ ಒಂದು ಮಾತು. ಬಾಗಿಲು ಯಾವ ದಿಕ್ಕಿಗೆ?'

'ಲಂಗರು ಹಾಕಿದ್ರೆ ಗಾಳಿ ಬಂದ ಕಡೆ ತಿರುಗ್ತಿರುತ್ತೆ ಮಾವ. ಬೆಳಿಗ್ಗೆ ಪೂರ್ವ, ಸಂಜೆ ದಕ್ಷಿಣ.'

ಮಾವ ಕಾಫಿ ಲೋಟ ಕೆಳಗಿಟ್ಟರು. 'ಅಡ್ವಾನ್ಸ್ ಕೊಟ್ಟಿಲ್ಲ ತಾನೇ?'